ಇಲ್ಲದ ಜಗಳ ಬಿಡಿಸಿದ ಅತಿಥಿ

"ಬ್ಯಾಡ! ಜಗಳ ಬ್ಯಾಡ!" ಎನ್ನುತ್ತ ಗ್ರೇಸ್ ಊಟದ ತಟ್ಟೆ ಬಿಟ್ಟು ಎದ್ದವಳೇ, ಕೈ ಚಾಚಿ ನನ್ನ ಮತ್ತು ಯಜಮಾನರ ನಡುವೆ ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು. ನಾವು ಬೆಪ್ಪಾದೆವು. ಸಂಜೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಬಜ್ಜಿ ಮಾಡುವುದೋ ಬೇಡವೋ ಎಂದಷ್ಟೇ ನಾವು ಮಾತನಾಡುತ್ತಿದ್ದೆವು.

ಗ್ರೇಸ್ ಕೀನ್ಯಾದ ಶ್ರವಣ ತಜ್ಞೆ. ಹೆಚ್ಚಿನ ಓದಿಗೆಂದು ನಮ್ಮ ದೇಶಕ್ಕೆ ಬಂದು ನಾಲ್ಕು ಮಾತು ಕನ್ನಡ ಕಲಿತವಳು, ಯಂತ್ರದ ಸದ್ದು ಕಿವಿಗೆ ಏನು ಮಾಡುತ್ತದೆಂದು ತಿಳಿಯಲು ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಬಂದಿದ್ದಳು.

"ಜಗಳ ಎಲ್ಲೈತವ್ವಾ? ನಾವು ಮಾತಾಡೋದೇ ಹಿಂಗ!" ಎಂದು ಯಜಮಾನರು ಸಮಾಧಾನ ಹೇಳಿದರು. ಆ ಸಮಾಧಾನದ ಸದ್ದಿಗೆ ಅವಳು ಇನ್ನೊಮ್ಮೆ ಬೆಚ್ಚಿಬಿದ್ದಳು.

ಊಟವಾದ ಮೇಲೆ ನಮ್ಮಿಬ್ಬರ ಕಿವಿ ಪರೀಕ್ಷಿಸಿದಳು. ಗಿರಣಿಯ ಗದ್ದಲಕ್ಕೆ ಇಬ್ಬರ ಕಿವಿಗಳೂ ಮಂದವಾಗಿದ್ದವು. ಇಷ್ಟು ವರ್ಷ ಕೂಗಿಕೊಂಡೇ ಸಂಸಾರ ಮಾಡಿದ್ದೇವೆಂದು ತಿಳಿದು ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ಮಾತ್ರ ಗಂಭೀರವಾಗಿ, "ಹಂಗಾರ ಮಿರ್ಚಿ ಮಾಡ್ತೀಯೋ ಇಲ್ಲೋ?" ಎಂದರು.

ಈಗ ಇಬ್ಬರಿಗೂ ಶ್ರವಣ ಸಾಧನ ಬಂದಿದೆ, ಮನೆಯಲ್ಲಿ ಮೆಲ್ಲಗೆ ಮಾತನಾಡುತ್ತೇವೆ. ಮೊನ್ನೆ ಪಕ್ಕದ ಮನೆಯ ಗೌರಕ್ಕ ಗಾಬರಿಯಿಂದ ಬಂದು, "ಯಾಕವ್ವಾ, ಗಂಡ ಹೆಂಡ್ತಿ ಮಾತು ಬಿಟ್ಟೀರೇನು?" ಎಂದು ನನ್ನ ಕೈ ಹಿಡಿದುಕೊಂಡಳು.