ತೆರೆದಿಟ್ಟ ಬಾಗಿಲು

ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ಬೀದಿ ಬಾಗಿಲು ಮುಚ್ಚುತ್ತಿರಲಿಲ್ಲ. ಸೊಳ್ಳೆ ಬರಲಿ, ಬೀದಿನಾಯಿ ಇಣುಕಲಿ, ತೆರೆದೇ ಇರಬೇಕು. ಅದು ಅವ್ವ ಹಾಕಿಕೊಟ್ಟ ಪದ್ಧತಿ. ಅವಳು ತೀರಿಕೊಂಡ ಮೇಲೆ ಪ್ರಾರ್ಥನೆ ಹೇಳುವ ಕೆಲಸ ನನಗೆ ಬಂತು, ಅವಳ ಮಾತುಗಳ ಸಮೇತ. ಜಮಖಾನದ ಮೇಲೆ ಮೊಣಕಾಲೂರಿ, ಮಳೆಬೆಳೆಗೆ, ಆರೋಗ್ಯಕ್ಕೆ ಸ್ತೋತ್ರ ಸಲ್ಲಿಸಿ, ಅವಳು ಮುಗಿಸುತ್ತಿದ್ದ ಹಾಗೆಯೇ ಮುಗಿಸುತ್ತಿದ್ದೆ: “ಹೊರಗ ಹೋದ ನಮ್ಮ ಸಣ್ಣಾಂವನ್ನ ಸುಖರೂಪ ಮನಿಗೆ ಮುಟ್ಟಸಪಾ ದೇವರ. ಆಮೆನ್.”

ಸಣ್ಣಾಂವ ಅಂದರೆ ನನ್ನ ತಮ್ಮ. ಅವನು ಸತ್ತ ಮೇಲೆ ನನ್ನ ಅರ್ಧ ಆಯುಷ್ಯ ಕಳೆದಿದೆ.

ಆ ಮಳೆಗಾಲ ಬೆಣ್ಣಿಹಳ್ಳ ತುಂಬಿ ಬಂದಿತ್ತು. ಆಚೆ ದಂಡೆಯ ಹೊಲಕ್ಕೆ ಹೋದವನು ಕತ್ತಲಾದರೂ ಬರಲಿಲ್ಲ. ಅವ್ವ ಬಾಗಿಲು ತೆರೆದಿಟ್ಟು ಆ ಮಾತನ್ನು ಮೊದಲ ಸಲ ಆಡಿದಳು. ಮರುದಿನ ಕೆಳಗಿನ ಊರಿನವರು ಜಾಲಿಯ ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡಿದ್ದ ಅವನನ್ನು ಬಿಡಿಸಿ ತಂದುಕೊಟ್ಟರು. ಮಣ್ಣು ಕೊಟ್ಟು ಬಂದ ಸಂಜೆಯೂ ಅವ್ವ ಬಾಗಿಲು ತೆರೆದಿಟ್ಟು ಅದನ್ನೇ ಹೇಳಿದಳು. ಯಾರೂ ಬೇಡ ಅನ್ನಲಿಲ್ಲ. ಹೇಗೆ ಅನ್ನುವುದು?

ನನಗೋ, ಒಂದು ದಿನವೂ ಪ್ರಾರ್ಥನೆ ತಪ್ಪಿಸಿದವನಲ್ಲ ಎಂಬ ಜಂಬ. ಭಾನುವಾರ ಬಸ್ಸು ಹಿಡಿದು ಹುಬ್ಬಳ್ಳಿಯ ಚರ್ಚಿಗೆ ಹೋದರೆ, ವಿಶ್ವಾಸದಲ್ಲಿ ದಿನದಿನಕ್ಕೆ ಬೆಳೆಯಬೇಕು ಅಂತ ಎದ್ದು ನಿಂತು ಗಂಟಲು ಹರಿಯುವಂತೆ ಸಾಕ್ಷಿ ಹೇಳುತ್ತಿದ್ದೆ. ಮನೆಗೆ ಬಂದು ಅವ್ವನ ಮಾತಿನ ಹಿಂದೆ ಅಡಗಿ ಕೂಡುತ್ತಿದ್ದೆ. ಆ ಕೊನೆಯ ಮಾತು ಬರುವಾಗ ಕಣ್ಣು ಮುಚ್ಚಿರುತ್ತಿತ್ತು, ಕಿವಿ ಮಾತ್ರ ಬಾಗಿಲಲ್ಲಿ. ಕೆಸರು ಮೆತ್ತಿದ ಕಾಲನ್ನು ಯಾರೋ ಹೊಸ್ತಿಲಿಗೆ ಒರೆಸಿದ ಸದ್ದು ಕೇಳಿದಂತಾಗುತ್ತಿತ್ತು. ನಿಜಕ್ಕೂ ಬಂದುಬಿಟ್ಟರೆ? ಗಡಬಡಿಸಿ ಆಮೆನ್ ಅಂದು ಏಳುತ್ತಿದ್ದೆ. ಕೇಳಿದ್ದನ್ನು ದೇವರು ಎಲ್ಲಿ ಕೊಟ್ಟುಬಿಡುತ್ತಾನೋ ಎಂದು ಹೆದರುವ ವಿಶ್ವಾಸಿ ನಾನು.

ಹೋದ ವರ್ಷ ಸೊಸೆ ಬಂದಳು. ಕುಂದಗೋಳದ ಕಡೆಯವಳು, ಮಾತು ಕಡಿಮೆ. ಮದುವೆಯಾಗಿ ಕೆಲವು ತಿಂಗಳಾಗಿರಬೇಕು. ಒಂದು ಇಳಿಹೊತ್ತು ನಾನು ಚಹಾ ಕುಡಿಯುತ್ತ ಕೂತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು.

“ಮಾವಾರ, ಸಣ್ಣ ಮಾವಾರು ಯಾವ ಊರಾಗ ಇರ್ತಾರ್ರಿ? ದಿನಾ ಅವರ ಸಲುವಾಗಿ ಒಂದ ರೊಟ್ಟಿ ತಗದ ಇಡತೀನಿ. ಬರೂದ ಇಲ್ಲಲ್ರಿ. ಮುಂಜಾನೆ ನಾನ ತಿಂತೀನಿ.”

ಒಲೆಯ ಬಾಜು ಬಟ್ಟೆ ಮುಚ್ಚಿದ ರೊಟ್ಟಿಯೊಂದು ಬೇರೆಯಾಗಿ ಇತ್ತು. ನನ್ನ ಮಗ ಹುಟ್ಟಿದಾಗಿನಿಂದ ಆ ಮಾತು ಕೇಳಿದವನು. ಅವನಿಗೆ ಅದು ಬರೀ ರೂಢಿ. ಹೆಂಡತಿಗೆ ಬಿಡಿಸಿ ಹೇಳಬೇಕೆಂದು ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಪ್ರಾರ್ಥನೆಯನ್ನು ನಿಜವೆಂದು ನಂಬಿದವಳು ಈ ಹುಡುಗಿಯೊಬ್ಬಳೇ.

ನನಗೆ ಸಿಟ್ಟು ಬಂತು. “ಅಂವ ಸತ್ತಾನವಾ,” ಅಂದೆ, ಬೈದ ಹಾಗೆ.

ಅವಳ ಕೈ ಹಿಟ್ಟಿನಲ್ಲೇ ನಿಂತಿತು. “ಮತ್ತ ನಾವು ದಿನಾ ಯಾರನ್ನ ಕರೀತೀವ್ರಿ?”

ಆ ಸಂಜೆ ಪ್ರಾರ್ಥನೆಗೆ ಕೂತೆವು. ಕೊನೆಯ ಮಾತಿನ ಹತ್ತಿರ ಬಂದು ನಿಲ್ಲಿಸಿದೆ. ನಾನು ನಿಲ್ಲಿಸಿದರೂ ಅವ್ವನ ದನಿ ನಿಲ್ಲಲಿಲ್ಲ. ಕಿವಿಯೊಳಗೆ ಅದನ್ನು ಪೂರ್ತಿ ಮಾಡಿಯೇ ಬಿಟ್ಟಿತು. ಆಮೇಲೆ ನೋಡಿದರೆ ನನ್ನದು ಅಂತ ಒಂದು ಮಾತೂ ಇರಲಿಲ್ಲ. ಇಷ್ಟು ವರ್ಷ ದೇವರ ಜೊತೆ ಮಾತಾಡಿದವಳು ಅವ್ವ. ನಾನು ತಲೆ ನರೆತರೂ ಅವಳ ಮಗ್ಗುಲಲ್ಲಿ, ಹಳ್ಳ ಬಂದ ಆ ಸಂಜೆಯಲ್ಲೇ ಕೂತಿದ್ದೆ. ನನ್ನ ಹೆಂಡತಿ ಕಣ್ಣು ತೆರೆದು ನನ್ನನ್ನು ನೋಡಿದಳು.

“ದೇವರ,” ಅಂದೆ. “ನಮ್ಮ ಸಣ್ಣಾಂವ ಬರೂದಿಲ್ಲ. ಆವತ್ತ ಕೇಳಿದ್ವಿ, ನೀ ಕಳಸಲಿಲ್ಲ. ನನಗ ನಿನ್ನ ಮ್ಯಾಲ ಸಿಟ್ಟ ಐತಿ. ಅದನ್ನ ಇಟಗೊಂಡ ನಿನ್ನ ಮುಂದ ಹೆಂಗ ಕೂಡಬೇಕು, ಕಲಸು.”

ಆಮೆನ್ ಅನ್ನುವುದು ಮರೆತೆ. ಸೊಸೆ ಅಂದಳು. ಊಟಕ್ಕೆ ಕೂತಾಗ ಆ ಬೇರೆ ಇಟ್ಟಿದ್ದ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡೆ. ನೀರು ಕುಡಿದು ಇಳಿಸಿದೆ.

ಮರುದಿನ ಪ್ರಾರ್ಥನೆಗೆ ಮೊದಲು ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಮೊಣಕಾಲೂರಿ ಕಣ್ಣು ಮುಚ್ಚಿದೆ. ಇಷ್ಟು ವರ್ಷ ಅವನು ಬಂದಾನೆಂದು ಹೆದರಿದ್ದೆ ಅಂತ ತಿಳಿದಿದ್ದೆ. ಅಗಳಿ ಹಾಕಿದ ಮೇಲೆ ಗೊತ್ತಾಯಿತು, ಬಡಿಯಲಿ ಅಂತ ಕಾಯುತ್ತಿದ್ದೇನೆ. ಯಾರೂ ಬಡಿಯಲಿಲ್ಲ.