ಕೆಂಪಿನ ಬೆಸುಗೆ

ಬೀದಿಯವರು ಅವಳನ್ನು ಬೆಸುಗೆ ಅಕ್ಕ ಎಂದೇ ಕರೆಯುವುದು. ಲೋಕವೆಲ್ಲ ಗುಜರಿಗೆ ಹಾಕಿದ ಕಂಪ್ಯೂಟರುಗಳನ್ನು ಅಂಗಡಿ ತುಂಬ ಒಟ್ಟಿಕೊಂಡು, ಬೆಸುಗೆ ಹಾಕಿ ಅವಕ್ಕೆ ಜೀವ ತುಂಬುವವಳು. ಮಾತು ಕಡಿಮೆ, ಹಟ ಜಾಸ್ತಿ. ಅರೆಬರೆ ರಿಪೇರಿಯಾದದ್ದನ್ನು ಯಾರ ಕೈಗೂ ಕೊಟ್ಟಿಲ್ಲ ಎಂಬ ಜಂಬ ಬೇರೆ. ಇರಲಿ ಬಿಡಿ, ಅಷ್ಟು ಜಂಬವೂ ಇಲ್ಲದಿದ್ದರೆ ಆ ಧೂಳಿನಲ್ಲಿ ಯಾರು ತಾನೇ ಕೂರುತ್ತಾರೆ?

ನಿವೃತ್ತ ಬಸ್ ಡ್ರೈವರೊಬ್ಬರು ಒಂದು ದಿನ ಹಳೆಯ ಕಂಪ್ಯೂಟರ್ ಹೊತ್ತು ತಂದರು.

"ನಮ್ಮನೆಯವಳು ಗಿರಣೀಲಿ ಬಟ್ಟೆಗೆ ಡಿಸೈನ್ ಬಿಡಿಸ್ತಿದ್ಲಮ್ಮ. ಗಿರಣಿಯವರು ಬೇಡ ಅಂತ ಬಿಟ್ಟ ಇದರಲ್ಲಿ ಮನೇಲಿ ಕೂತು ಒಂದು ತೋಟ ಬಿಡಿಸಿದ್ಲು. ಕಾಯಿಲೆ ಬಿದ್ದ ಮೇಲೆ ಅವಳಿಗೆ ತನ್ನ ನೆನಪಿನ ಮೇಲೇ ನಂಬಿಕೆ ಹೋಗಿದೆ. ಏನು ಕೇಳಿದ್ರೂ 'ನಂಗೇನು ಗೊತ್ತು, ನೀವೇ ಹೇಳಿ' ಅಂತಾಳೆ. ತನ್ನ ತೋಟ ನೋಡಿದ್ರೆ ಸ್ವಲ್ಪ ಧೈರ್ಯ ಬರುತ್ತೇನೋ."

ಒಳಗಿದ್ದ, ಪರದೆಗೆ ಬಣ್ಣ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಮೊಳದುದ್ದ. ಹೆಸರಿಲ್ಲ, ದೆಸೆಯಿಲ್ಲ, ಚಿಪ್ಪುಗಳ ಮೇಲಿನ ಅಕ್ಷರಗಳನ್ನೂ ಮಾಡಿದವರೇ ಉಜ್ಜಿ ಹಾಕಿದ್ದರು. ಆ ಚಿತ್ರವೋ ಬೇರೆ ಕಾರ್ಡಿನಲ್ಲಿ ತೆರೆಯದು. ಅಕ್ಕ ಭೂತಗನ್ನಡಿ ಹಿಡಿದು, ಕೆಂಪಿನ ಗೆರೆ ಯಾವುದು, ಹಸಿರಿನದು ಯಾವುದು, ನೀಲಿಯದು ಯಾವುದು ಎಂದು ತಾಮ್ರದ ಗೆರೆಗಳ ಬೆನ್ನು ಹತ್ತಿದಳು. ಕೊನೆಗೆ ತನ್ನ ಗುಜರಿಯಲ್ಲಿದ್ದ ಇನ್ನೊಂದು ಕಾರ್ಡಿಗೆ ಇದು ಒಡಹುಟ್ಟು ಎಂದು ಗುರುತು ಸಿಕ್ಕಿತು. ಅದರಿಂದ ಒಂದು ಬಿಡಿಭಾಗ ಕಿತ್ತು, ಸುಟ್ಟುಹೋಗಿದ್ದರ ಜಾಗಕ್ಕೆ ಕೂರಿಸಿದಳು. ಕೆಂಪಿನ ಗೆರೆಯ ಬೆಸುಗೆ ಬಿರುಕು ಬಿಟ್ಟು, ಒಳಗೆ ಧೂಳು ಗಟ್ಟಿಯಾಗಿ ಕೂತಿತ್ತು. ಜೊತೆಗೇ ಅದನ್ನೂ ಬೆಸೆದಳು.

ಡ್ರೈವರರ ಮನೆಗೇ ಹೋಗಿ ಜೋಡಿಸಿದ್ದಾಯಿತು. ಅವರ ಹೆಂಡತಿ, ಆ ಅಮ್ಮ, ಕುರ್ಚಿ ಎಳೆದುಕೊಂಡು ಕೂತು ನೋಡಿದರು. ತೋಟವೇನೋ ಬಂತು; ಆದರೆ ಅರ್ಧ ಎಲೆಗಳು ಹಳದಿ, ಆಕಾಶದ ತುಂಬ ಬಿಳಿಯ ತೇಪೆ.

"ಇದು ನಂದಲ್ಲ," ಎಂದರು ಅಮ್ಮ.

"ನಿಂದೇ ಕಣೆ, ಸರಿಯಾಗಿ ನೋಡು," ಎಂದರು ಗಂಡ.

"ಹೌದಾ? ಹಚ್ಚಹಸುರಾಗಿತ್ತು ಅಂದ್ಕೊಂಡಿದ್ದೆ. ಹೋಗ್ಲಿ ಬಿಡಿ, ಅದೂ ತಲೇಲಿ ಉಳಿದಿಲ್ಲ."

ಆ ದನಿ ಕೇಳಿ ಅಕ್ಕ ಪರದೆಯ ಹತ್ತಿರ ಬಗ್ಗಿದಳು. ಎಲೆಗಳನ್ನೇ ದಿಟ್ಟಿಸಿದಳು. ಪರದೆಯಲ್ಲಿ ಹಳದಿ ಎಂದರೆ ಕೆಂಪು, ಹಸಿರು ಸೇರಿದ ಬೆಳಕು. ಕೆಂಪು ಸತ್ತರೆ ಹಳದಿಯೂ ಹಸಿರೇ, ಬಿಳಿಯೂ ತಿಳಿನೀಲಿಯೇ. ಬಿರುಕಿನಲ್ಲಿದ್ದ ಧೂಳು ನೆನಪಾಗಿ ಹಣೆ ಚಚ್ಚಿಕೊಂಡಳು. ಅಷ್ಟು ಗಟ್ಟಿ ಧೂಳು ಕೂರಬೇಕಾದರೆ ಬಿರುಕು ಹಳೆಯದು; ಚಿತ್ರ ಬಿಡಿಸುವಾಗಲೇ ಆ ಬೆಸುಗೆ ಬಿಟ್ಟುಹೋಗಿತ್ತು. ಅಮ್ಮ ಎಲೆಗೆ ಹಸಿರು ಹಾಕಿದರೂ ಹಳದಿ ಹಾಕಿದರೂ ಅವರಿಗೆ ಕಂಡದ್ದು ಹಸಿರೇ.

ಅಕ್ಕ ಕಂಪ್ಯೂಟರ್ ಆರಿಸಿ, ತನ್ನ ಕೈಯಾರೆ ಹಾಕಿದ ಬೆಸುಗೆಯನ್ನು ತಾನೇ ಬಿಡಿಸಿದಳು. ಜನ್ಮದಲ್ಲಿ ಮೊದಲ ಸಲ ಸರಿಯಿದ್ದದ್ದನ್ನು ಕೆಡಿಸಿದ್ದು. ಮತ್ತೆ ಹಚ್ಚಿದಾಗ ಒಂದು ಹಳದಿ ಎಲೆಯೂ ಇರಲಿಲ್ಲ.

"ನೀವು ಹೇಳಿದ್ದೇ ಸರಿ ಅಮ್ಮ. ನಿಮ್ಮ ತೋಟ ಹೀಗೇ ಇದ್ದಿದ್ದು. ಎಡವಿದ್ದು ನಾನು."

ಅಮ್ಮ ಪರದೆಯನ್ನು ಮೆಲ್ಲಗೆ ಸವರಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಹಾಗಾದ್ರೆ ರೀ, ಮೊನ್ನೆ ಬಾಗಿಲಿಗೆ ಬೀಗ ಹಾಕಿದ್ದೂ ನಾನೇ. ನೀವಂದ ಹಾಗೆ ನೀವಲ್ಲ."

"ಇರಬಹುದು ಕಣೆ."

"ಇರಬಹುದು ಅಲ್ಲ."

ವಾದದಲ್ಲಿ ಸೋತು ಇಷ್ಟು ಸುಖಪಟ್ಟ ಗಂಡಸನ್ನು ಅಕ್ಕ ಕಂಡಿರಲಿಲ್ಲ. "ಹೌದು ಕಣೆ, ನೀನೇ," ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿ ಬಂದಿತ್ತು.