ಡೆನೀಸ್‌ಗೆ ನಾನು ಹೇಳದೆ ಇಟ್ಟುಕೊಂಡ ಪತ್ರ

ಪೋಷಕರು ಬಂದು ತರಗತಿ ನೋಡಿ ಹೋಗುವ ಸಂಜೆಗೆ ಇಲ್ಲಿ ಅಮೆರಿಕದಲ್ಲಿ ಓಪನ್ ಹೌಸ್ ಅನ್ನುತ್ತಾರೆ. ಆವತ್ತು ಮಗಳ ಶಾಲೆಯ ಕಾರಿಡಾರಿನ ನಡುವೆ ನಾನು ನಿಂತುಬಿಟ್ಟೆ. ಎಡಕ್ಕೊಂದು ಗಣಿತದ ಕೋಣೆ, ಬಲಕ್ಕೊಂದು, ಎರಡೂ ಆರನೇ ತರಗತಿಯವೇ. ಎಡಗಡೆ ಬಾಗಿಲ ಪಕ್ಕ ಅಂಟಿಸಿದ ಮಕ್ಕಳ ಫೋಟೋಗಳಲ್ಲಿ ನಮ್ಮವರು, ಚೀನಾದವರು, ಬಿಳಿಯರು. ಬಲಗಡೆ ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಕ್ಕಳು. ಬೋರ್ಡು ಓದುವ ಮೊದಲೇ ಯಾವುದು ಮೇಲಿನ ಗಣಿತ, ಯಾವುದು ಮಾಮೂಲಿ ಗಣಿತ ಅಂತ ನನಗೆ ಗೊತ್ತಾಗಿಹೋಯಿತು. ಹಾಗೆ ಗೊತ್ತಾದದ್ದಕ್ಕೇ ಹೆದರಿಕೆಯಾಯಿತು. ಸುತ್ತಲಿನವರು ಬಿಸ್ಕತ್ತು ತಿನ್ನುತ್ತ ಆರಾಮಾಗಿ ಓಡಾಡುತ್ತಿದ್ದರು.

ಬಲಗಡೆಯ ಫೋಟೋಗಳಲ್ಲಿ ಇಮಾನಿ ಇದ್ದಳು. ಆಬರ್ನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ನನ್ನ ಮಗಳು ಅನಘಾಳ ಗೆಳತಿ. ಅವಳು ಆ ಗೋಡೆಯ ಮೇಲಿರುವುದರಲ್ಲಿ ನನ್ನ ಪಾಲೂ ಇದೆ. ಅದನ್ನು ನಮ್ಮ ಊರಿನವರಿಗೆ ಹೇಳಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ.

ನಮ್ಮಲ್ಲಾದರೆ ಮಕ್ಕಳನ್ನು ಹೀಗೆ ಬೇರೆ ಮಾಡುವುದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಹಾವೇರಿಯ ನನ್ನ ಶಾಲೆಯಲ್ಲಿ ಮಾಸ್ತರರು ಹಿಂದಿನ ಸಾಲನ್ನು ದಡ್ಡರ ಬೆಂಚು ಎಂದೇ ಕರೆಯುತ್ತಿದ್ದರು. ನಮ್ಮ ಓಣಿಯ ಮಕ್ಕಳೆಲ್ಲ ಅಲ್ಲೇ, ನಾನೂ ಅಲ್ಲೇ. ಬಸ್ ಕಂಡಕ್ಟರಾಗಿದ್ದ ಅಪ್ಪ ಒಂದು ದಿನ ಖಾಕಿ ಬಟ್ಟೆಯಲ್ಲೇ ಬಂದು ಹೆಡ್‌ಮಾಸ್ತರರ ಎದುರು ನಿಂತು, "ನನ್ನ ಮಗಳನ್ನ ಮುಂದ ಕೂಡಸ್ರಿ ಸರ್" ಅಂದ. ಹಾಗೆ ಕೇಳಬಹುದು ಅಂತ ಅವನಿಗೆ ಹೇಳಿಕೊಟ್ಟವರು ಶಾಲೆಯ ಗುಮಾಸ್ತರು. ಅವರು ಹೇಳದಿದ್ದರೆ ಅಪ್ಪ ಬರುತ್ತಿರಲಿಲ್ಲ, ನಾನು ಅಲ್ಲೇ ಕೂತಿರುತ್ತಿದ್ದೆ.

ಇಲ್ಲಿ ದಡ್ಡರು ಎಂಬ ಮಾತೇ ಇಲ್ಲ. ಎಲ್ಲ ಮಕ್ಕಳೂ ಜಾಣರು, ಎಲ್ಲರಿಗೂ ಸ್ಟಿಕ್ಕರ್. ಐದನೇ ತರಗತಿಯ ಕೊನೆಗೆ ಮಾತ್ರ ಒಂದು ಪರೀಕ್ಷೆ ಬರೆಸಿ ಪ್ಲೇಸ್‌ಮೆಂಟ್ ಎಂಬ ಹಾಳೆ ಕಳಿಸುತ್ತಾರೆ, ಮಗು ಯಾವ ಗಣಿತಕ್ಕೆ ಹೋಗಬೇಕು ಎಂದು. ಹೈಸ್ಕೂಲು, ಕಾಲೇಜಿನವರೆಗೂ ಅದು ಬೆನ್ನು ಬಿಡುವುದಿಲ್ಲ. ಅನಘಾಳ ಹಾಳೆಯಲ್ಲಿ ಮಾಮೂಲಿ ಗಣಿತ ಎಂದಿತ್ತು. ಗಾಬರಿಯಾಗಿ ನಮ್ಮ ಕನ್ನಡದ ಹೆಂಗಸರ ಗ್ರೂಪಿನ ಹಿರಿಯರಾದ, ಮೈಸೂರು ಕಡೆಯ ವಸಂತಾ ಆಂಟಿಗೆ ಫೋನ್ ಮಾಡಿದೆ.

"ಅಯ್ಯೋ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದೀರಾ ಶೈಲಾ? ಮೇಲಿನ ಕ್ಲಾಸಿಗೆ ಹಾಕಿ ಅಂತ ಪೇರೆಂಟ್ಸ್ ಒಂದು ಲೆಟರ್ ಕೊಟ್ರೆ ಹಾಕ್ತಾರೆ. ನಮ್ಮೋರೆಲ್ಲ ಹಾಗೇ ಮಾಡಿರೋದು. ಆದ್ರೆ ಹೊರಗಡೆ ಹೇಳೋಕೆ ಹೋಗ್ಬೇಡಿ. ಎಲ್ರೂ ಬರೆಯೋಕೆ ಶುರು ಮಾಡಿದ್ರೆ ಸ್ಕೂಲ್‌ನೋರು ಅದನ್ನೇ ನಿಲ್ಲಿಸಿಬಿಡ್ತಾರೆ."

ವಸಂತಾ ಆಂಟಿ ಕೆಟ್ಟವರಲ್ಲ. ನಾವು ಬಂದ ಮೊದಲ ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ಹನ್ನೆರಡು ಮೈಲಿ ಡ್ರೈವ್ ಮಾಡಿ ಸಾರು ತಂದುಕೊಟ್ಟವರು. ಅದೇ ಚಳಿಗಾಲದಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವುದನ್ನು ಕಲಿಸಿಕೊಟ್ಟವಳು ಇಮಾನಿಯ ತಾಯಿ ಡೆನೀಸ್. ಡೆಟ್ರಾಯಿಟ್‌ನಲ್ಲಿ ಹುಟ್ಟಿ ಬೆಳೆದವಳು, ಆಸ್ಪತ್ರೆಯಲ್ಲಿ ನರ್ಸ್. ಕಪ್ಪು ಜನರ ಮನೆಗಳಲ್ಲಿ ಓದಿಗೆ ಬೆಲೆಯಿಲ್ಲ ಅಂತ ನಮ್ಮವರು ಸಲೀಸಾಗಿ ಹೇಳುತ್ತಾರೆ. ಡೆನೀಸ್ ಡ್ಯೂಟಿಯ ಬಟ್ಟೆ ಕೂಡ ಬದಲಿಸದೆ ಮಗಳಿಗೆ ಲೈಬ್ರರಿ ಪುಸ್ತಕ ಓದಿಸುತ್ತ ಕೂರುವುದು ನನ್ನ ಅಡುಗೆಮನೆ ಕಿಟಕಿಯಿಂದ ದಿನಾ ಕಾಣುತ್ತಿತ್ತು. ಅವಳಿಗೆ ಇಲ್ಲದಿದ್ದದ್ದು ಒಬ್ಬ ವಸಂತಾ ಆಂಟಿ, ಅಷ್ಟೇ.

ಪತ್ರ ಕೊಡಲು ಶಾಲೆಗೆ ಹೊರಟ ಬೆಳಿಗ್ಗೆ ಡೆನೀಸ್ ಮನೆ ಮುಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಸಿಕ್ಕಳು. ಇಮಾನಿಗೆ ಮಾಮೂಲಿ ಗಣಿತ ಬಂದಿದೆ ಎಂದು ಹೇಳಿ, ಅಂಕವನ್ನೂ ತಿಳಿಸಿದಳು. ನಾನು ಅವಳಿಗೆ ತಿಳಿಸದ ಅನಘಾಳ ಅಂಕಕ್ಕಿಂತ ಎರಡು ಹೆಚ್ಚು.

"ಇದಕ್ಕೆ ಏನಾದರೂ ಮಾಡೋಕೆ ಬರುತ್ತಾ ಶೈಲಾ? ನಿನಗೇನಾದರೂ ಗೊತ್ತಾ?"

"ಗೊತ್ತಿಲ್ಲ" ಅಂದೆ. ಪತ್ರ ನನ್ನ ಬ್ಯಾಗಿನಲ್ಲಿತ್ತು.

ಅನಘಾ ಎಡಗಡೆ ಕೋಣೆಗೆ ಹೋದಳು. ಆ "ಗೊತ್ತಿಲ್ಲ" ನನ್ನ ಜೊತೆಗೇ ಉಳಿಯಿತು. ಪಾತ್ರೆ ತೊಳೆಯುವಾಗ, ಹೈವೇಯಲ್ಲಿ ಎಕ್ಸಿಟ್ ತಪ್ಪಿದಾಗ, ನನ್ನದೇ ದನಿಯಲ್ಲಿ ಕಿವಿಯೊಳಗೆ ಕೇಳುತ್ತಿತ್ತು. ಇಪ್ಪತ್ತು ವರ್ಷ ನೆನಪಿಗೆ ಬಾರದ ಗುಮಾಸ್ತರ ಮುಖ ಅಂಗಡಿಯ ಸಾಲಿನಲ್ಲಿ ನಿಂತಾಗಲೆಲ್ಲ ಎದುರಿಗೆ ಬರುತ್ತಿತ್ತು. ತಡೆಯಲಾರದೆ, ಭಾನುವಾರ ಅನಘಾಗೆ ಲೆಕ್ಕ ಹೇಳಿಕೊಡುವಾಗ ಇಮಾನಿಯನ್ನೂ ಕಳಿಸು ಅಂದೆ. ಡೆನೀಸ್ ನನ್ನನ್ನು ತಬ್ಬಿಕೊಂಡಳು.

ಚಳಿಗಾಲದಲ್ಲಿ ಶಾಲೆಯ ಸಭೆಯೊಂದರಲ್ಲಿ ಅಚೀವ್‌ಮೆಂಟ್ ಗ್ಯಾಪ್ ಬಗ್ಗೆ ಬಣ್ಣಬಣ್ಣದ ಚಾರ್ಟು ತೋರಿಸಿದರು. ಒಂದು ಜನಾಂಗದ ಮಕ್ಕಳಿಗೂ ಇನ್ನೊಂದು ಜನಾಂಗದ ಮಕ್ಕಳಿಗೂ ಕಲಿಕೆಯಲ್ಲಿ ಬೀಳುವ ಅಂತರಕ್ಕೆ ಇಲ್ಲಿ ಹಾಗನ್ನುತ್ತಾರೆ. ಮನೆಯವರು ಏನು ಮಾಡಬಹುದು ಎಂಬ ಪಟ್ಟಿಯಲ್ಲಿ ದಿನಾ ಓದಿಸಿ, ಹೊತ್ತಿಗೆ ಮಲಗಿಸಿ, ಶಿಕ್ಷಕರ ಜೊತೆ ಮಾತಾಡಿ ಎಂದಿತ್ತು. ಪತ್ರದ ಸುದ್ದಿ ಇರಲಿಲ್ಲ. ಡೆನೀಸ್ ಒಂದನ್ನೂ ಬಿಡದೆ ಬರೆದುಕೊಂಡಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ಏಪ್ರಿಲ್‌ನ ಒಂದು ಭಾನುವಾರ ಇಮಾನಿ ಮೇಲಿನ ಗಣಿತದ ಪುಸ್ತಕದ ಕೊನೆಯ ಪಾಠಕ್ಕೆ ಬಂದಿದ್ದಳು. ನನ್ನ ಬಾಯಿಂದ ಮಾತು ಹೊರಬಿತ್ತು. "ಇಮಾನಿ, ಹೋದ ವರ್ಷ ಅನಘಾಗೆ ನಿನಗಿಂತ ಕಡಿಮೆ ಬಂದಿತ್ತು."

ಅವಳು ಪೆನ್ಸಿಲ್ ನಿಲ್ಲಿಸಲಿಲ್ಲ. "ಗೊತ್ತು ಆಂಟಿ. ಅನಘಾ ಆವಾಗ್ಲೇ ಹೇಳಿದ್ಲು. ನೀವು ಲೆಟರ್ ಬರೆದಿದ್ದೂ ಹೇಳಿದ್ಲು."

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನ ಇಲ್ಲಿಗೆ ಕಳಿಸ್ತಿರ್ಲಿಲ್ಲ."

ಹನ್ನೊಂದು ವರ್ಷದ ಹುಡುಗಿ. ಎಲ್ಲ ಗೊತ್ತಿದ್ದೂ ಪ್ರತಿ ಭಾನುವಾರ ಬಂದು ನನ್ನ ಎದುರು ಕೂತು, ನಾನು ಕೊಟ್ಟ ಅವಲಕ್ಕಿ ತಿಂದು, ಥ್ಯಾಂಕ್ಯೂ ಹೇಳಿ ಹೋಗುತ್ತಿದ್ದಳು. ಅನಘಾ ತಲೆ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು. ಚಪ್ಪಲಿ ಹಾಕಿಕೊಂಡು ನೇರ ಡೆನೀಸ್ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ಒಳಗೆ ಹೋಗಿ ಪೆನ್ನು ತಂದು, "ಆ ಪತ್ರದಲ್ಲಿ ಏನು ಬರೀಬೇಕು, ಹೇಳು" ಅಂದಳು. ನಾನು ಹೇಳಿದ್ದನ್ನು ಬರೆದುಕೊಂಡಳು. ಮುಂದಿನ ವಾರ ಅವಳ ಚರ್ಚಿನ ಇನ್ನೂ ನಾಲ್ಕು ತಾಯಂದಿರು ಅಂಥದ್ದೇ ಪತ್ರ ಕೊಟ್ಟರು. ಗ್ರೂಪಿನಲ್ಲಿ ವಸಂತಾ ಆಂಟಿ, "ಯಾರಮ್ಮಾ ಹೊರಗೆ ಹೇಳಿದ್ದು?" ಎಂದು ಕೇಳಿದರು. "ನಾನೇ" ಎಂದು ಬರೆದೆ. ಆಮೇಲೆ ಅರಿಶಿನ ಕುಂಕುಮಕ್ಕೆ ಕರೆಯುವವರು ಕಡಿಮೆಯಾದರು. ಶಾಲೆಯವರು ಏನನ್ನೂ ನಿಲ್ಲಿಸಲಿಲ್ಲ.

ಮೇಲಿನ ಗಣಿತಕ್ಕೆ ಸೇರಿಸಿಕೊಳ್ಳುವ ಮೊದಲು ಇಮಾನಿ ಮನೆಯಲ್ಲಿ ಏನೇನು ಕಲಿತಿದ್ದಾಳೆ ಎಂದು ಶಾಲೆಯವರು ಒಂದು ಫಾರಂ ಕಳಿಸಿದರು. ಪುಸ್ತಕಗಳ ಹೆಸರು ಕೇಳಲು ಡೆನೀಸ್ ಅದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ, ನಿಂತೇ ಬರೆದಳು. ಕಲಿಸಿದವರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದಳು. ಅವರು ಮಗುವಿಗೆ ಏನಾಗಬೇಕು ಎಂಬಲ್ಲಿ ಪೆನ್ನು ನಿಂತಿತು. ಮೊದಲೆಲ್ಲ ಆಸ್ಪತ್ರೆಯ ಗೆಳತಿಯರು ಬಂದಾಗ, ಇವಳು ನನ್ನ ತಂಗಿ ಎಂದು ನನ್ನನ್ನು ಪರಿಚಯಿಸುತ್ತಿದ್ದವಳು ಅವಳು. ಈಗ ನನ್ನ ಮುಖವನ್ನೊಮ್ಮೆ ನೋಡಿ, ಪಕ್ಕದ ಮನೆಯವರು ಎಂದು ಬರೆದು, ಫಾರಂ ನನ್ನ ಕಡೆ ತಿರುಗಿಸಿದಳು.

"ಸರಿ ಇದೆಯಾ?" ಅಂದಳು.

ಸರಿ ಇದೆ ಅಂದೆ.